ಬೇವಿನ ಟೊಂಗೆಯ ಸೂರ್ಯ

ಶೇಡಬಾಳ
೨೫ ಜನವರಿ ೧೯೮೭

ಪ್ರೀತಿಯ ಮಗಳು ಸುಗಂಧಾಳಿಗೆ,

ನಿನ್ನ ಅಪ್ಪನ ಜಯ ಜಿನೇಂದ್ರ ಮತ್ತು ಬಾಯ್ತುಂಬ ಆಶೀರ್ವಾದ. ನೀನು ಹೇಗಿದ್ದೀ? ಕೂಸಿನ ನೆಗಡಿ ಹೋಯಿತೇ? ತಲೆಗೆ ಏನೂ ಕಟ್ಟಿಕೊಳ್ಳದೆ ಗ್ಯಾಲರಿಯಲ್ಲಿ ಓಡಾಡಬೇಡ, ಪುಣೆಯ ಚಳಿ ನಮ್ಮ ಚಳಿಯಂಥದ್ದಲ್ಲ. ಕಳಿಸಿದ ಅಂಟಿನ ಉಂಡಿಗಳನ್ನು ನೀನೇ ತಿನ್ನುತ್ತಿದ್ದೀಯೋ ಇಲ್ಲಾ ನಮ್ಮ ಅಳಿಯಂದಿರು ಬಾಣಂತಿಯ ಪಾಲಿಗೂ ಕೈ ಹಾಕುತ್ತಿದ್ದಾರೋ? ಜಯಪಾಲರಿಗೆ ಇದನ್ನು ಓದಿ ಹೇಳು, ನಗಲಿ. ನಾನು ಆರಾಮವಾಗಿದ್ದೇನೆ. ಇವತ್ತು ಮಾತ್ರ ಹೊಟ್ಟೆ ಖಾಲಿ ಇಟ್ಟುಕೊಂಡು ಕೂತು ಬರೆಯುತ್ತಿರುವುದರಿಂದ ಅಕ್ಷರ ಅಲ್ಲಲ್ಲಿ ಸೊಟ್ಟಗಾದರೆ ಬೇಜಾರಾಗಬೇಡ. ಹೊಟ್ಟೆ ಯಾಕೆ ಖಾಲಿ ಎಂಬುದನ್ನು ಕಡೆಗೆ ಹೇಳುತ್ತೇನೆ.

ನಿಮ್ಮವ್ವನ ಕಣ್ಣಿನ ಆಪರೇಶನ್ ಆಯಿತು, ಆರಾಮ ಇದ್ದಾಳೆ ಎಂದಷ್ಟೇ ಕಾರ್ಡು ಹಾಕಿದ್ದೆ. ಇಷ್ಟೇ ಬರೆಯುತ್ತಾರಾ ಅಪ್ಪ ಎಂದು ನೀನು ಬಯ್ದಿರುತ್ತೀ. ಆಗ ಬರೆಯಲು ಕೈ ಬರಲಿಲ್ಲ ಮಗಳೇ. ಹೋದ ತಿಂಗಳು ನಿನ್ನ ಮನೆಗೆ ಬಂದಾಗ ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಮೂಗು, ಹುಬ್ಬು, ಗಲ್ಲ ಎಲ್ಲ ಮುಟ್ಟಿ ಮುಟ್ಟಿ ನೋಡಿ, ‘ಮೂಗು ನಮ್ಮ ಕಡೀದು’ ಎಂದು ನಕ್ಕಿದ್ದು ನಿನಗೆ ನೆನಪಿರಬೇಕು. ವಾಪಸು ಬಂದು ಶೇಡಬಾಳ ಸ್ಟೇಶನ್ನಿನಲ್ಲಿ ಇಳಿಯುವಾಗ ನನ್ನ ಕೈ ಹಿಡಿದು, ‘ದವಾಖಾನಿಗೆ ಕರಕೊಂಡ ಹೋಗ್ರಿ. ಮೊಮ್ಮಗಳ ಮಾರಿ ನೋಡದ ನಾ ಇರೂದಿಲ್ಲ’ ಎಂದಳು. ಎಷ್ಟು ವರ್ಷ ನಾನು ಬೇಡಿಕೊಂಡರೂ ಕಣ್ಣಿಗೆ ಕತ್ತರಿ ಬೇಡ ಎಂದು ಹಟ ಹಿಡಿದವಳು ಒಂದು ಅಂಗೈಯಗಲದ ಮುಖಕ್ಕೆ ಸೋತಳು.

ಮಿರಜದ ದೊಡ್ಡ ಸರಕಾರಿ ದವಾಖಾನೆಯನ್ನು ನೀನು ಒಳಗಿನಿಂದ ನೋಡಿಲ್ಲ. ನನಗೂ ಮೊದಲು ಹೆದರಿಕೆಯಾಯಿತು. ಕೇಸ್ ಪೇಪರಿನ ಕಿಟಕಿಯ ಮುಂದೆ ಹನುಮಂತನ ಬಾಲದಂಥ ಪಾಳಿ. ಆದರೆ ಪಾಳಿಯಲ್ಲಿ ನಿಂತು ಎರಡು ಮಾತು ಕಿವಿಗೆ ಬಿದ್ದ ಮೇಲೆ ಹೆದರಿಕೆ ಎಲ್ಲಿ ಹೋಯಿತೋ! ಮುಂದಿನವನು ಅಥಣಿಯವನು, ಹಿಂದಿನವಳು ರಾಯಬಾಗದವಳು, ಪಕ್ಕದಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು ಕೂತವರು ಕಾಗವಾಡದವರು, ನಮ್ಮ ದೂರದ ಬೀಗರ ಓಣಿಯವರೇ. ಕಿಟಕಿಯೊಳಗಿನವನು ಮರಾಠಿಯಲ್ಲಿ ಕೇಳಿದರೆ ನಾವು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುವುದು, ಅವನಿಗೂ ತಿಳಿಯುವುದು, ನಮಗೂ ತಿಳಿಯುವುದು. ಜಡ್ಡು ನೋಡಲು ಬಂದವರಿಗಿಂತ ಜಡ್ಡಾದವರೇ ಹೆಚ್ಚು ನಗುತ್ತಿದ್ದರು. ಯಾವ ಬಾಗಿಲು, ಯಾವ ಮೆಟ್ಟಿಲು, ಯಾವ ಸಿಸ್ಟರ್ ಬಾಯಿಗೆ ಸಿಟ್ಟು ಹೆಚ್ಚು, ಎಲ್ಲವನ್ನೂ ಪಾಳಿಯಲ್ಲೇ ಕಲಿತುಕೊಂಡು ಒಳಗೆ ಹೋದೆವು. ಡಾಕ್ಟರ್ ಬಾಯಿ ಕಣ್ಣಿಗೆ ಬೆಳಕು ಬಿಟ್ಟು ನೋಡಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಹಣ್ಣಾಗಿದೆ, ತೆಗೆಯೋಣ ಎಂದರು. ಆದರೆ ಮೊದಲು ಸಕ್ಕರೆ ರೋಗ ಹತೋಟಿಗೆ ಬರಬೇಕು ಎಂದು ಹೆಂಗಸರ ವಾರ್ಡಿನಲ್ಲಿ ಇಟ್ಟುಕೊಂಡರು.

ಅಲ್ಲಿ ಪಕ್ಕದ ಮಂಚದಲ್ಲಿ ದ್ರೌಪದಿ ಇದ್ದಳು. ಭೋಜ ಗ್ರಾಮದವಳು, ಕಬ್ಬು ಕಡಿಯುವಾಕಿ. ಒಣ ಎಲೆಯ ಅಂಚು ಬಡಿದು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದಳು. ಉಳಿದ ಒಂದು ಕಣ್ಣಿನಲ್ಲಿ ಇಡೀ ವಾರ್ಡಿನ ಕಾರಭಾರ ನೋಡುತ್ತಿದ್ದಳು. ನಮ್ಮ ಓಣಿಯ ಲಕ್ಷ್ಮಿಬಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಹಾಲಿನ ಧರೆಪ್ಪ ದಿನಾ ತನ್ನ ಕ್ಯಾನುಗಳ ಜೊತೆ ರೈಲಿನಲ್ಲಿ ತಂದು ಮುಟ್ಟಿಸುತ್ತಿದ್ದ. ಅದರಲ್ಲಿ ದ್ರೌಪದಿಗೂ ಒಂದು ಪಾಲು. ತಿನ್ನುತ್ತಲೇ, ‘ಕಾಕೂ, ಬಳ್ಳೊಳ್ಳಿ ಇಲ್ಲದ್ದು ಇದೊಂದ ಚಟ್ನಿ ಏನ್ರಿ?’ ಎಂದು ಕೊಂಕು ತೆಗೆಯುವಳು, ಮತ್ತೆ ಕೈ ಒಡ್ಡುವಳು. ನಿಮ್ಮವ್ವ ಅವಳ ಮುಖವನ್ನು ನೋಡದೆಯೇ ಅವಳಿಗೆ ಮನಸ್ಸು ಕೊಟ್ಟುಬಿಟ್ಟಳು.

ಈಗ ನನ್ನ ಪರಾಕ್ರಮ ಕೇಳು. ಹೊತ್ತು ಮುಳುಗಿದ ಮೇಲೆ ನಿಮ್ಮವ್ವ ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಮದುವೆಗೆ ಮೊದಲು ಮುನಿಗಳ ಮುಂದೆ ಹಿಡಿದ ನೇಮ. ನಾನಂತೂ ನಿನಗೆ ಗೊತ್ತೇ ಇದೆ, ಓಣಿಯ ಗಡಿಯಾರ. ಸಂಜೆ ಕಟ್ಟೆಯ ಮೇಲೆ ನಿಂತು, ‘ಹೊತ್ತ ಮುಳಗಾಕ ಬಂತು, ಉಂಡ ಬಿಡ್ರೆಪಾ’ ಎಂದು ನಾನು ಕೂಗಿದ ಮೇಲೆಯೇ ಮನೆಮನೆಯಲ್ಲಿ ತಾಟು ಹಾಕುವುದು. ಮುಳುಗಿದ ಮೇಲೆ ‘ಮುಳಗಿತು’ ಎಂದು ಇನ್ನೊಮ್ಮೆ ಕೂಗುತ್ತೇನೆ, ಅಲ್ಲಿಗೆ ಎಲ್ಲರೂ ಕೈ ತೊಳೆಯಬೇಕು. ದವಾಖಾನೆಯಲ್ಲಿ ಸಂಜೆ ಸಕ್ಕರೆ ರೋಗದ ಸೂಜಿ ಆದ ಮೇಲೆ ಉಣ್ಣಬೇಕು, ಅದಕ್ಕೂ ಮೊದಲು ಉಣ್ಣುವಂತಿಲ್ಲ. ಮೊದಲನೇ ದಿನ ನಾನು ಡಬ್ಬಿ ಬಿಚ್ಚಿ ಇಟ್ಟುಕೊಂಡು ಕಾಯುತ್ತಿದ್ದೆ. ಸಿಸ್ಟರ್ ಬಾಯಿ ಬಂದು ಸೂಜಿ ಮಾಡಿ ಆ ಕಡೆ ತಿರುಗಿದ್ದೇ ತಡ, ನಾನು ವರಾಂಡಕ್ಕೆ ಇಣುಕಿ, ಕೈಗಡಿಯಾರ ನೋಡಿ, ರೂಢಿಯ ಪ್ರಕಾರ, ‘ಮುಳಗಿತು!’ ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ನಿಮ್ಮವ್ವ ಕೈ ಮುಗಿದು ಡಬ್ಬಿಯ ಮುಚ್ಚಳ ಹಾಕಿದಳು.

ಸೂಜಿ ಒಳಗೆ ಹೋಗಿದೆ, ಹೊಟ್ಟೆಗೆ ಅನ್ನವಿಲ್ಲ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈಕಾಲು ನಡುಕ, ಮಾತು ತೊದಲತೊಡಗಿತು. ಸಿಸ್ಟರ್ ಬಾಯಿ ಓಡಿಬಂದು ನರಕ್ಕೆ ಗ್ಲುಕೋಸ್ ಹಚ್ಚಿದರು. ಅಷ್ಟು ಹೊತ್ತು ನಾನು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಅವಳು ಹೋದರೆ ನನ್ನ ಬಾಯಿಂದಲೇ ಹೋದಳು ಎಂದು ಅಳು ಬಂತು, ಅತ್ತೆ. ಗೊತ್ತು ಮಾಡಿದ್ದ ಆಪರೇಶನ್ನಿನ ದಿನ ರದ್ದಾಯಿತು. ಡಾಕ್ಟರ್ ಬಾಯಿ ಪ್ರೀತಿಯಿಂದಲೇ ಹೇಳಿದರು, ಖಡಕ್ಕಾಗಿಯೂ ಹೇಳಿದರು: ಇನ್ನೊಮ್ಮೆ ಹೀಗಾದರೆ ಈ ಕಣ್ಣಿಗೆ ನಾನು ಕೈ ಹಚ್ಚುವುದಿಲ್ಲ, ಮನೆಗೆ ಕಳಿಸಿಬಿಡುತ್ತೇನೆ. ಸೂಜಿಯನ್ನೇ ಹೊತ್ತು ಮುಳುಗುವುದಕ್ಕಿಂತ ಮೊದಲು ಮಾಡಿರಿ ಎಂದು ಕೇಳಿಕೊಂಡೆ. ಮುಂಜಾನೆಯ ಸೂಜಿಗೂ ಸಂಜೆಯ ಸೂಜಿಗೂ ಇಷ್ಟು ಅಂತರ ಇರಲೇಬೇಕಂತೆ, ಚಳಿಗಾಲದ ಸೂರ್ಯ ಅಷ್ಟು ಹೊತ್ತು ಕಾಯುವವನಲ್ಲ. ನಿನಗೆ ಕಣ್ಣು ಬೇಕೋ ನೇಮ ಬೇಕೋ ಎಂದು ನಾನು ರೇಗಿದರೆ ನಿಮ್ಮವ್ವ ತಣ್ಣಗೆ, ‘ಎರಡೂ ಬೇಕು’ ಎಂದಳು. ಅವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವನು ನಾನು, ಡಬ್ಬಿ ತೊಳೆಯಲು ಎದ್ದು ಹೋದೆ.

ಇದನ್ನೆಲ್ಲ ಕೇಳಿಸಿಕೊಂಡ ದ್ರೌಪದಿ ಸಂಜೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ‘ಕಾಕಾ, ನೀವು ವರಾಂಡಾದಾಗ ಹೋಗಿ ಕುಂದರ್ರಿ. ನಿಮ್ಮ ಬಾಯಿ ಸುಮ್ಮ ಇರೂದಿಲ್ಲ. ಇವತ್ತಿಂದ ಸೂರ್ಯಾನ್ನ ನಾ ನೋಡ್ಕೋತೀನಿ’ ಎಂದಳು. ತನ್ನ ಮಂಚದ ಬದಿಯ ಕಿಟಕಿಗೆ ಬೆನ್ನು ಕೊಟ್ಟು ಕೂತಳು. ಸೂಜಿ ಆಯಿತು. ನಿಮ್ಮವ್ವನಿಗೆ ಆಗ ಟ್ಯೂಬ್‌ಲೈಟಿನ ಬೆಳಕೂ ಒಂದೇ, ಬಿಸಿಲೂ ಒಂದೇ. ‘ದ್ರೌಪದಿ, ಹೊತ್ತ ಐತೇನ?’ ಎಂದು ಕೇಳಿದಳು. ದ್ರೌಪದಿ ಕಿಟಕಿಯ ಕಡೆ ತಿರುಗಿ, ‘ಅದಾನ್ರಿ ಕಾಕೂ! ಬೇವಿನ ಗಿಡದ ಟೊಂಗಿ ಮ್ಯಾಲ ಕುಂತಾನ. ಕುಂಕುಮದ ಭರಣಿ ಆಗ್ಯಾನ ನೋಡ್ರಿ. ಲಗೂನ ಉಣ್ಣರಿ, ಅಲ್ಲೀತನಕಾ ಅಂವನ್ನ ನಾ ಬಿಡೂದಿಲ್ಲ’ ಎಂದಳು. ನಿಮ್ಮವ್ವ ಣಮೋಕಾರ ಮಂತ್ರ ಹೇಳಿ ತುತ್ತು ಎತ್ತಿದಳು. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ವರಾಂಡದಲ್ಲಿ ನಿಂತ ನನ್ನ ಕಣ್ಣ ಮುಂದೆಯೇ ಮುಳುಗಿದ್ದ. ಜೀವನದಲ್ಲಿ ಮೊದಲ ಸಲ ನಾನು ಕೂಗಲಿಲ್ಲ.

ಮತ್ತೆ ದಿನ ಗೊತ್ತಾಗಿ ಆಪರೇಶನ್ ಸುಸೂತ್ರವಾಯಿತು. ಆಮೇಲೆ ಎರಡೂ ಕಣ್ಣಿಗೆ ಪಟ್ಟಿ, ಅಲುಗಾಡಬಾರದು, ಮಲಗಿಕೊಂಡೇ ಉಣ್ಣಬೇಕು. ಆ ದಿನಗಳಲ್ಲಿ ಸಂಜೆಯಾದರೆ ವಾರ್ಡಿಗೆಲ್ಲ ಹಬ್ಬ. ದ್ರೌಪದಿಯ ಸೂರ್ಯ ಒಂದು ದಿನ ಟೊಂಗೆಯಲ್ಲಿ ಸಿಕ್ಕಿಕೊಳ್ಳುವನು, ಒಂದು ದಿನ ಮೋಡದ ಹಿಂದಿನಿಂದ ಇಣುಕುವನು, ಇನ್ನೊಂದು ದಿನ ಗಿಳಿಗಳ ಹಿಂಡು ಬಂದು ಅವನನ್ನು ತಡೆದು ನಿಲ್ಲಿಸುವುದು. ನಿಮ್ಮವ್ವನಿಗೆ ಒಮ್ಮೆ ಅನುಮಾನ ಬಂದು, ಎದುರಿನ ಮಂಚದ ಐನಾಪುರದ ಶೇವಂತಾಬಾಯಿಯನ್ನು ಕೇಳಿದಳು. ಆ ಮುದುಕಿ, ‘ಖರೇನ ಅದಾನವಾ, ನಾನೂ ನೋಡಾಕತ್ತೇನಿ’ ಎಂದು ಗಟ್ಟಿಯಾಗಿ ಸಾಕ್ಷಿ ಹೇಳಿದಳು. ಅವಳ ಎರಡೂ ಕಣ್ಣಿಗೂ ಪಟ್ಟಿ ಇತ್ತು! ಸಿಸ್ಟರ್ ಬಾಯಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಡಾಕ್ಟರ್ ಬಾಯಿ ಬಂದು ‘ಆಜೀ, ಜೇವಲಾತ ಕಾ?’ ಎಂದು ಊಟ ವಿಚಾರಿಸಿದರೆ ನಿಮ್ಮವ್ವ ಹೆಮ್ಮೆಯಿಂದ, ಹೊತ್ತು ಮುಳುಗುವ ಮೊದಲೇ ಉಂಡೆ ಎಂದು ಹೇಳುವಳು. ಡಾಕ್ಟರ್ ಬಾಯಿ ನನ್ನನ್ನು ನೋಡುವರು, ನಾನು ಗೋಡೆ ನೋಡುವೆ.

ಪಟ್ಟಿ ಬಿಚ್ಚುವ ದಿನ ಡಾಕ್ಟರ್ ಬಾಯಿ ಮುಂಜಾನೆಯೇ ಬಂದರು. ವಾರ್ಡಿನಲ್ಲಿ ಎದ್ದು ಓಡಾಡುವವರೆಲ್ಲ ಮಂಚದ ಸುತ್ತ ಸೇರಿದರು. ಡಾಕ್ಟರ್ ಬಾಯಿ ಹತ್ತಿ ತೆಗೆದು, ಕಣ್ಣು ಒರೆಸಿ, ಒಂದು ದಪ್ಪ ಗಾಜು ಹಿಡಿದು ಏನು ಕಾಣುತ್ತದೆ ಎಂದು ಕೇಳಿದರು. ನಿಮ್ಮವ್ವ ಅವರನ್ನೇ ದಿಟ್ಟಿಸಿ, ‘ಅಯ್ಯ, ಎಷ್ಟ ಸಣ್ಣ ಹುಡುಗಿ! ಲಗ್ನ ಆಗೇತೇನ ನಿಂದು?’ ಎಂದಳು. ನನ್ನನ್ನು ನೋಡಿ, ‘ಎಷ್ಟ ಸೊರಗೀರಿ’ ಎಂದಳು. ಆಮೇಲೆ ದ್ರೌಪದಿಯ ಕಡೆ ತಿರುಗಿದಳು. ದ್ರೌಪದಿ ತನ್ನ ಕಿಟಕಿಯ ಮುಂದೆ, ನೋಡಲಿ ಎಂದು ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ಬೇವಿನ ಗಿಡ. ಗಿಡದ ಟೊಂಗೆಯ ಮೇಲೆ ಕುಂಕುಮದ ಭರಣಿಯಂಥ ಸೂರ್ಯ, ಆಗಷ್ಟೇ ಹುಟ್ಟಿ ಮೇಲಕ್ಕೆ ಏರುತ್ತಿದ್ದ.

ನಿಮ್ಮವ್ವ ಸೂರ್ಯನನ್ನು ನೋಡಿದಳು, ದ್ರೌಪದಿಯನ್ನು ನೋಡಿದಳು, ಮತ್ತೆ ಸೂರ್ಯನನ್ನು ನೋಡಿದಳು. ನೇಮ ಮುರಿಯಿತೆಂದು ಎದೆ ಒಡೆದುಕೊಂಡರೆ ಏನು ಗತಿ? ದ್ರೌಪದಿ ಮೆಲ್ಲಗೆ ಮಂಚ ಹತ್ತಿ ತಲೆಯ ಮೇಲೆ ಕಂಬಳಿ ಎಳೆದುಕೊಂಡಳು. ಆಗ ನಿಮ್ಮವ್ವ, ‘ಏನಬೇ ದ್ರೌಪದಿ, ಸೂರ್ಯಾನ್ನ ಹುಟ್ಟೂ ಕಡೇನ ಮುಳಗಿಸಿದ್ಯಲ್ಲಬೇ!’ ಎಂದವಳೇ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಸ ಕಣ್ಣಿಗೆ ಪೆಟ್ಟಾದೀತು, ನಗಬೇಡಿ ಎಂದು ಡಾಕ್ಟರ್ ಬಾಯಿ ನಗುತ್ತಲೇ ಗದರಿಸಿದರು. ಕಂಬಳಿಯೊಳಗಿನಿಂದ, ‘ಕಾಕೂ, ನನಗ ಇದ್ದದ್ದ ಒಂದ ಕಿಟಕಿ, ಒಂದ ಕಣ್ಣ. ನಾ ಏನ ಮಾಡ್ಲಿ?’ ಎಂಬ ದನಿ ಬಂತು. ನಿಮ್ಮವ್ವ ಎದ್ದು ಹೋಗಿ ಕಂಬಳಿ ಸರಿಸಿ, ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಈ ಸಲ ಬೆರಳಿನಿಂದ ಮುಟ್ಟಿ ನೋಡುವ ಅಗತ್ಯ ಇರಲಿಲ್ಲ, ಆದರೂ ಮುಟ್ಟಿದಳು.

ಆಮೇಲೆ ನನ್ನ ಕಡೆ ತಿರುಗಿ, ‘ನಿಮಗ ಗೊತ್ತಿತ್ತೇನ್ರಿ?’ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಊರಿಗೆಲ್ಲ ಕೂಗುವವರು ನನಗ್ಯಾಕ ಹೇಳಲಿಲ್ಲ ಎಂದಳು. ನನಗೆ ನೀನು ಬೇಕಾಗಿತ್ತು ಎಂದೆ. ಇಡೀ ವಾರ್ಡಿನ ಹೆಂಗಸರ ಮುಂದೆ ಈ ವಯಸ್ಸಿನಲ್ಲಿ ಅಂಥ ಮಾತು ಬಾಯಿಂದ ಬಂದುಹೋಯಿತು, ನಿನಗೆ ಬರೆಯಲೂ ನಾಚಿಕೆಯಾಗುತ್ತಿದೆ.

ಊರಿಗೆ ಬಂದ ದಿನವೇ ಬಸದಿಗೆ ಹೋಗಿ ಪೂಜೆ ಮಾಡುವ ಉಪಾಧ್ಯೆಯವರ ಮುಂದೆ ಎಲ್ಲ ಹೇಳಿ ಪ್ರಾಯಶ್ಚಿತ್ತ ಕೇಳಿದಳು. ಅವರು ನಕ್ಕು, ತಿಳಿಯದೆ ಆದದ್ದು, ಜಡ್ಡಿನಲ್ಲಿ ಆದದ್ದು, ಮನಸ್ಸಿಗೆ ಸಮಾಧಾನ ಬೇಕಾದರೆ ಒಂದು ದಿನ ಉಪವಾಸ ಮಾಡಿರಿ ಎಂದರು. ಸಕ್ಕರೆ ರೋಗದವಳಿಗೆ ಉಪವಾಸ ಕೂಡದು ಎಂದು ಡಾಕ್ಟರ್ ಬಾಯಿ ಕಟ್ಟಪ್ಪಣೆ ಮಾಡಿದ್ದಾರಲ್ಲ! ಹಾಗಾಗಿ ಅವಳು ಮೊಮ್ಮಗಳ ಮುಖ ನೋಡುವ ತನಕ ತುಪ್ಪ ಬಿಟ್ಟಿದ್ದಾಳೆ. ಉಪವಾಸವನ್ನು ಮಾತ್ರ, ‘ಗೊತ್ತಿದ್ದೂ ಸುಮ್ಮ ಇದ್ದವರು ನೀವು, ನೀವ ಮಾಡ್ರಿ’ ಎಂದು ನನ್ನ ತಲೆಗೆ ಕಟ್ಟಿದಳು. ಹಾಗಾದರೆ ಸುಳ್ಳು ಹೇಳಿದ ದ್ರೌಪದಿಗೆ ಏನು ಎಂದು ಕೇಳಿದೆ. ‘ಪಾಪ, ಆಕಿ ಕಬ್ಬ ಕಡ್ಯಾಕಿ, ಉಪಾಸ ಹೆಂಗ ಇದ್ದಾಳು? ಆಕೀದೂ ನೀವ ಮಾಡ್ರಿ’ ಎಂದಳು. ನಿನ್ನೆ ನನ್ನದಾಯಿತು, ಇವತ್ತು ದ್ರೌಪದಿಯದು ನಡೆದಿದೆ. ಒಳಗೆ ಲಕ್ಷ್ಮಿಬಾಯಿ ಹೂರಣ ಕುದಿಸುತ್ತಿದ್ದಾಳೆ, ವಾಸನೆ ಇಲ್ಲಿಯ ತನಕ ಬರುತ್ತಿದೆ, ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ನಿಮ್ಮವ್ವ ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಕರೆದು, ನಿನ್ನ ಕೂದಲು ಯಾವಾಗ ಬೆಳ್ಳಗಾಯಿತು ಎಂದು ಕೇಳುತ್ತಿದ್ದಾಳೆ. ಓಣಿಯವರಿಗೆ ಈಗ ಹೊರಗೆ ಬರಲು ಹೆದರಿಕೆ.

ಜಯಪಾಲರಿಗೆ ನನ್ನ ನೆನಪು ತಿಳಿಸು, ನಿಮ್ಮ ಅತ್ತೆ ಮಾವಂದಿರಿಗೆ ಜಯ ಜಿನೇಂದ್ರ. ಕೂಸಿನ ಎರಡೂ ಅಂಗಾಲಿಗೆ ಅಜ್ಜನ ಮುತ್ತು. ನೂರು ಕಾಲ ಕಣ್ತುಂಬ ನೋಡುತ್ತ ಬಾಳಿರಿ.

ಇತಿ ನಿನ್ನ ಅಪ್ಪ,
ಆಬಾಸಾಹೇಬ

ತಾ.ಕ.: ಹಸಿವೆಯಲ್ಲಿ ಮುಖ್ಯವಾದದ್ದನ್ನೇ ಮರೆತಿದ್ದೆ. ಬರುವ ಶನಿವಾರ ಮಿರಜದಿಂದ ಪುಣೆಯ ರೈಲು ಹತ್ತುತ್ತೇವೆ, ಭಾನುವಾರ ಮುಂಜಾನೆ ನಿಮ್ಮಲ್ಲಿರುತ್ತೇವೆ. ನಾವು ಮೂರು ಮಂದಿ. ದ್ರೌಪದಿಯ ಕಣ್ಣೂ ವಾಸಿಯಾಗಿದೆ, ‘ಆಕಿ ಇಲ್ಲದ ಕೂಸಿನ ಮಾರಿ ನಾ ನೋಡೂದಿಲ್ಲ’ ಎಂದು ನಿಮ್ಮವ್ವ ಭೋಜಕ್ಕೆ ಹೇಳಿ ಕಳಿಸಿದ್ದಾಳೆ. ಕೂಸನ್ನು ಚಳಿಯಲ್ಲಿ ಸ್ಟೇಶನ್ನಿಗೆ ತರಬೇಡ. ಬಟ್ಟಲಲ್ಲಿ ತುಪ್ಪ ಕಾಯಿಸಿಟ್ಟು, ಮುಖಕ್ಕೆ ಎಳೆಬಿಸಿಲು ಬೀಳುವ ಹಾಗೆ ಕೂಸನ್ನು ಎತ್ತಿಕೊಂಡು ಮೂಡಲ ಕಿಟಕಿಯಲ್ಲಿ ನಿಂತಿರು. ಮೂಡಲ ಯಾವುದೆಂದು ದ್ರೌಪದಿಯನ್ನು ಮಾತ್ರ ಕೇಳಬೇಡ.