ಅಣ್ಣನ ಪಾಲಿನ ಬಂದಳಿಕೆ

ಎಲ್ ಪೋಸೊ ಪ್ರಿಯೆಟೊ, ಸೊನೋರಾ
ಜನವರಿ ೧೯

ಪ್ರೀತಿಯ ಅಣ್ಣ ನಿಕಾನೋರ್,

ಅಂಗಳದ ಮೆಸ್ಕೀಟ್ ಮರದ ಏಕಮಾತ್ರ ಅಧಿಕೃತ ಹತ್ತುಗಾರರಾದ ತಮಗೆ, ಊರಿನವರೆಲ್ಲ ಕೋತಿ ಎಂದು ಗೌರವಿಸುವ ತಂಗಿ ಲಿಬ್ರಾದಾ ನಡು ಬಗ್ಗಿಸಿ ಮಾಡುವ ನಮಸ್ಕಾರಗಳು.

ಹೇಗಿದ್ದೀಯ? ಹೊಟ್ಟೆಗೆ ಏನು ತಿನ್ನುತ್ತಿದ್ದೀಯ? ಕಾಲಿನ ಬೊಬ್ಬೆ ಮಾಯಿತೇ? ಹೋದ ಚಳಿಗಾಲ ಕಳ್ಳದಾರಿಯಲ್ಲಿ ಗಡಿ ದಾಟಲು ಹೊರಟು, ಗಡಿಯ ಊರಿನ ವಲಸಿಗರ ತಂಗುದಾಣದಿಂದ ಫೋನ್ ಮಾಡಿ, "ಬೆಳಿಗ್ಗೆ ನಡೆಯೋಕೆ ಶುರು ಮಾಡ್ತೀವಿ ಕಣೇ, ಹೊಸ ಬೂಟು ಕಚ್ಚಿ ಬೊಬ್ಬೆ ಎದ್ದಿದೆ ಅಷ್ಟೇ, ಅಮ್ಮಂಗೆ ಹೇಳ್ಬೇಡ" ಎಂದಿದ್ದೆ. ಆಮೇಲೆ ನಿನ್ನ ಸುದ್ದಿಯಿಲ್ಲ. ನಿನ್ನ ಬಗ್ಗೆ ನಮಗೆ ಗೊತ್ತಿರುವುದು ಆ ಬೊಬ್ಬೆಯೊಂದೇ, ಆದ್ದರಿಂದ ಅದನ್ನೇ ವಿಚಾರಿಸುತ್ತಿದ್ದೇನೆ. ಈ ಕಾಗದವೂ ಅದೇ ತಂಗುದಾಣಕ್ಕೆ ಬರುತ್ತದೆ. ಅಲ್ಲಿನ ಗೋಡೆಗೆ ಅಂಟಿಸುತ್ತಾರಂತೆ. ಹಿಂದಿನವೂ ಅಲ್ಲೇ ಇವೆಯಂತೆ, ಬಿಸಿಲಿಗೆ ಹಳದಿಯಾಗಿ.

ಇನ್ನು ಮರದ ವರದಿ. ಪ್ರತಿ ಚಳಿಗಾಲ ನೀನು ಮರ ಹತ್ತಿ, ಕೊಕ್ಕೆಗತ್ತಿಯಿಂದ ಮರದ ರಸ ಹೀರುವ ಬಂದಳಿಕೆ ಕೊಯ್ದು ಆಡುಗಳಿಗೆ ಎಸೆಯುತ್ತಿದ್ದೆಯಲ್ಲ? ಹೋದ ವರ್ಷ ಕೊಯ್ಯದೆ ಹೋದೆ. ಈ ವರ್ಷ ಅದು ಮರದ ತಲೆಯ ಮೇಲೆ ಪೇಟ ಸುತ್ತಿಕೊಂಡಂತೆ ಬೆಳೆದಿದೆ, ಕೆಂಪು ಹಣ್ಣು ಗೊಂಚಲು ಗೊಂಚಲು. ಜುಟ್ಟಿನ ಕರಿಹಕ್ಕಿಗಳು ಹಿಂದೆಂದೂ ಇಷ್ಟೊಂದು ಬಂದಿರಲಿಲ್ಲ. ಒಂದೊಂದು ಗೊಂಚಲಿಗೆ ಒಂದೊಂದು ಯಜಮಾನ, ಪಕ್ಕದವನು ಇತ್ತ ಕಣ್ಣು ಹಾಕಿದರೆ ಸಾಕು, ಜಮೀನಿನ ವ್ಯಾಜ್ಯ ಶುರು. ಹಣ್ಣು ತಿಂದು, ಬೀಜವನ್ನು ಅಂಟಂಟಾಗಿ ಕೊಂಬೆಯ ಮೇಲೇ ಹಿಕ್ಕೆ ಹಾಕಿ, ಮುಂದಿನ ವರ್ಷದ ಬೇಸಾಯವನ್ನೂ ಮುಗಿಸಿಬಿಡುತ್ತವೆ. ಸಂಜೆ ಹವೆಲಿನಾ ಹಂದಿಗಳು ಮರಿಗಳ ಸಮೇತ ಬಂದು ಉದುರಿದ್ದನ್ನು ಮುಕ್ಕುತ್ತವೆ. ಮರದ ಕೆಳಗೆ ಇಷ್ಟೊಂದು ಸಂಭ್ರಮ, ಮರ ಮಾತ್ರ ಸಾಯುತ್ತಿದೆ. ಉತ್ತರದ ಕಡೆಯ ಕೊಂಬೆಗಳು ಒಣಗಿ ಬೂದಿ ಬಣ್ಣಕ್ಕೆ ತಿರುಗಿವೆ.

ನಾನು ಹತ್ತುತ್ತೇನೆ ಎಂದರೆ ಅಮ್ಮ ಬಿಡುವುದಿಲ್ಲ. "ಅದು ಹಿರೇಮಗನ ಕೆಲಸ. ಅವನು ಬಂದು ಹತ್ತಲಿ." ಕೊಕ್ಕೆಗತ್ತಿ ಅವಳ ಮಂಚದ ಕೆಳಗೆ ಇದೆ. ಅಪ್ಪ ಇದ್ದಿಲು ಸುಡುವವನು, ಮರದ ಆಯುಸ್ಸು ಕಣ್ಣಲ್ಲೇ ಅಳೆಯುತ್ತಾನೆ. "ಸತ್ತಿದ್ದನ್ನ ಅಂಗಳದಲ್ಲಿ ನಿಲ್ಲಿಸ್ಕೊಂಡು ಎಷ್ಟು ದಿನ ಕಾಯ್ತೀಯೇ? ಕಡಿದು ಸುಟ್ಟುಬಿಡೋಣ" ಎಂದ ಒಂದು ದಿನ. ಮರದ ಬಗ್ಗೆಯೇ ಅಂದದ್ದು. ಆದರೆ ಅಮ್ಮ ಬೇಯಿಸುತ್ತಿದ್ದ ತೊರ್ತಿಯಾ ರೊಟ್ಟಿ ಹಂಚಿನ ಮೇಲೇ ಸೀದು ಕಪ್ಪಾಯಿತು, ಅವಳು ತಿರುವಿ ಹಾಕಲಿಲ್ಲ. ಅಪ್ಪ ಹೊರಗೆ ಹೋಗಿ ಕೊಡಲಿ ಮಸೆಯುತ್ತ ಕೂತ.

ಆಗ ನಿನ್ನ ತಂಗಿ ಧರ್ಮರಕ್ಷಣೆಗೆ ಟೊಂಕ ಕಟ್ಟಿದಳು. ಬೆಳಗಾಗುವ ಮೊದಲೇ ಮರದ ಬುಡದಲ್ಲಿ ಮೇಣದಬತ್ತಿ ಹಚ್ಚಿ, ತೊಗಟೆಯ ಮುಖದಂಥ ಗಂಟಿಗೆ ಇದ್ದಿಲಿನಿಂದ ಗಡ್ಡ ತೀಡಿ, ಓಡಿಹೋಗಿ ನಮ್ಮ ದೀಕ್ಷಾಸ್ನಾನದ ಧರ್ಮತಾಯಿ ಎದುವಿಹೆಸ್‌ಳ ಕಿವಿಯಲ್ಲಿ ಹೇಳಿದೆ: "ದಿಕ್ಕಿಲ್ಲದವರನ್ನ ಕಾಯೋ ಸಂತ ಯೂದ ಕಾಣಿಸ್ಕೊಂಡಿದ್ದಾನೆ! ಯಾರಿಗೂ ಹೇಳ್ಬೇಡಮ್ಮ!" ಅವಳಿಗೆ ಗುಟ್ಟು ಹೇಳುವುದೂ ಒಂದೇ, ಗಂಟೆ ಬಾರಿಸುವುದೂ ಒಂದೇ. ಬಿಸಿಲೇರುವ ಹೊತ್ತಿಗೆ ಅರ್ಧ ಊರು ನಮ್ಮ ಅಂಗಳದಲ್ಲಿ ಮಂಡಿಯೂರಿತ್ತು. ಅಪ್ಪ ಕೊಡಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಟೋಪಿ ತೆಗೆದು ನಿಂತ. ನಾನು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಗು ತಡೆಯುತ್ತಿದ್ದೆ. ಜನ ಅದನ್ನು ಭಕ್ತಿ ಎಂದುಕೊಂಡರು.

ಅಷ್ಟರಲ್ಲಿ ಅಮ್ಮ ಹೊರಬಂದಳು. ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದು, ನಾನು ತೀಡಿದ ಗಡ್ಡದ ಮೇಲೆ ಅಂಗೈ ಇಟ್ಟಳು. "ಬದುಕಿದ್ರೆ ಕಳಿಸಪ್ಪ. ಇಲ್ಲಾಂದ್ರೆ, ಎಲ್ಲಿ ಮಲಗಿದ್ದಾನೆ ಅಂತಾದ್ರೂ ಹೇಳು." 'ಇಲ್ಲಾಂದ್ರೆ' ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಕೈ ತೆಗೆದಾಗ ಅಂಗೈಯೆಲ್ಲ ಇದ್ದಿಲು. ಅವಳು ಅದನ್ನು ನೋಡಿಕೊಂಡಳು, ನನ್ನನ್ನೂ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿಲ್ಲ, ಆದರೆ ನಾನು ಬರೆಯುವಾಗೆಲ್ಲ ಹಿಂದೆ ಬಂದು ನಿಲ್ಲುತ್ತಾನೆ. ಅದನ್ನೇ ಆಶೀರ್ವಾದವೆಂದು ತಿಳಿ. ಕನ್ಯಾಮಾತೆ ನಿನ್ನ ತಲೆಯ ಮೇಲೆ ನೆರಳಾಗಿರಲಿ.

ನಿನ್ನ ಕೋತಿ,
ಲಿಬ್ರಾದಾ

ಮತ್ತೊಂದು ಮಾತು: ಕಾಗದ ಮುಗಿಸಿ ಏಳುವಷ್ಟರಲ್ಲಿ ಅಮ್ಮ ಮಂಚದ ಕೆಳಗಿಂದ ಕೊಕ್ಕೆಗತ್ತಿ ತೆಗೆದು ನನ್ನ ಕೈಗೆ ಕೊಟ್ಟಳು. "ಮರನಾದ್ರೂ ಉಳೀಲಿ. ಹತ್ತು" ಎಂದಳು. ಹತ್ತಿದೆ ಅಣ್ಣ. ಎಲ್ಲ ಕೊಯ್ದೆ. ಆಡುಗಳು ಇನ್ನೂ ಮೇಯುತ್ತಿವೆ. ತುದಿಯ ಗೊಂಚಲೊಂದನ್ನು ಮಾತ್ರ ಬಿಟ್ಟಿದ್ದೇನೆ, ಕರಿಹಕ್ಕಿಯೊಂದು ಅಲ್ಲಿಂದ ಕದಲಲೇ ಇಲ್ಲ. ಕೆಳಗೆ ನಿಂತಿದ್ದ ಅಮ್ಮನಿಗೆ "ಅದು ಕೈಗೆ ಸಿಗಲ್ಲಮ್ಮ, ಅಣ್ಣನೇ ಬೇಕು" ಎಂದು ಕೂಗಿ ಹೇಳಿದೆ. ಕೈಗೆ ಸಿಗುತ್ತಿತ್ತು. ಅದು ಅವಳಿಗೂ ಗೊತ್ತು. "ಹ್ಞೂಂ, ಇರಲಿ ಬಿಡು" ಎಂದಳು.