ಮೂರು ಎಣಿಸುವಷ್ಟು ದೂರ

ಮನೆ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ದೊಡ್ಡಮ್ಮನ ಮೊಣಕಾಲು ಹೇಗಿದೆ? ನೀನು ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಅವರ ಆರೈಕೆಯ ಭರದಲ್ಲಿ ಅದನ್ನೂ ಮರೆತೆಯೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನನ್ನನ್ನು ಬೈಯುವಷ್ಟು ಶಕ್ತಿಯಂತೂ ಇದೆ.

ದೂರದ ಊರಿನ ಡ್ರೈವಿಂಗ್ ಸ್ಕೂಲಿನವರು ಕಲಿಸುವ ಕೆಲಸಕ್ಕೆ ನಿನ್ನನ್ನು ಕರೆದು ಮೂರು ವಾರವಾಯಿತು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನೀನು ಮಾತ್ರ 'ಅಷ್ಟು ದೂರ ಹೋದ್ರೆ ನಿನ್ನ ಗತಿ ಏನೋ?' ಎಂದು ರಾಗ ಎಳೆಯುತ್ತಿದ್ದೀಯ. ಫೋನಿನಲ್ಲಾದರೆ ಮಾತು ಮರೆಸುತ್ತೀಯ, ಅದಕ್ಕೇ ಪತ್ರ.

ನಾವು ಯಾರದೋ ಮನೆ ಸಾಮಾನು ಎರಡು ವ್ಯಾನಿಗೆ ತುಂಬಿಕೊಂಡು ಹೊರಟ ದಿನ ನೆನಪಿದೆಯಾ? ಮುಂದೆ ನೀನು, ಹಿಂದೆ ನಾನು. ನಿನ್ನ ಪಾಠದಂತೆ, ನಿನ್ನ ವ್ಯಾನು ಒಂದು ಕಂಬ ದಾಟಿದ ಮೇಲೆ ಮೂರು ಎಣಿಸಿ ನಾನು ಆ ಕಂಬ ಮುಟ್ಟಬೇಕು. ವೇಗ ಹೆಚ್ಚಿದರೆ ಅಂತರ ತಾನಾಗಿ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ, ಎಣಿಕೆ ಮಾತ್ರ ಮೂರೇ. ನಾನೋ ಪುಕ್ಕಲ, ಐದರವರೆಗೂ ಎಣಿಸುತ್ತಿದ್ದೆ. ತಮ್ಮ ಹಿಂದುಳಿದನಲ್ಲ ಎಂದು ನೀನು ಕನ್ನಡಿಯಲ್ಲಿ ನೋಡಿ ನಿಧಾನ ಮಾಡಿದೆ. ಅಕ್ಕ ನಿಧಾನ ಮಾಡಿದಳು, ಮುಂದೆ ಏನೋ ಇದೆ ಎಂದು ನಾನು ಇನ್ನೂ ನಿಧಾನ ಮಾಡಿದೆ. ಅರವತ್ತು ನಲವತ್ತಾಯಿತು, ನಲವತ್ತು ಇಪ್ಪತ್ತಾಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದು ನಮ್ಮ ಜನ್ಮ ಜಾಲಾಡಿದರು. ಕೊನೆಗೆ ಪಂಕ್ಚರ್ ಅಂಗಡಿ ಮುಂದೆ ಇಬ್ಬರೂ ನಿಂತೇಬಿಟ್ಟೆವು. 'ಏನಾಯ್ತೋ ನಿಂಗೆ?' ಎಂದು ನೀನು, 'ನಿಂಗೇನಾಯ್ತಕ್ಕಾ?' ಎಂದು ನಾನು! ಅಂಗಡಿಯವನು ಎಂಟೂ ಚಕ್ರ ನೋಡಿ, 'ಏನೂ ಆಗಿಲ್ವಲ್ಲ, ಮತ್ಯಾಕೆ ನಿಂತ್ರಿ?' ಎಂದ. ಈಗ ಯೋಚಿಸಿದರೆ, ಅಪ್ಪ ಹೋದಾಗಿನಿಂದ ಮನೆಯಲ್ಲೂ ನಾವು ಹಾಗೇ ಇದ್ದೇವೆ ಅನ್ನಿಸುತ್ತದೆ.

ನೀನು ದೊಡ್ಡಮ್ಮನ ಮನೆಗೆ ಹೋದ ಮೇಲೆ ಅದೇ ದಾರಿಯಲ್ಲಿ ಒಬ್ಬನೇ ಎರಡು ಸಲ ಹೋಗಿಬಂದೆ. ಮುಂದಿದ್ದ ಲಾರಿಯವನಿಗೆ ನಾನು ಇದ್ದೇನೋ ಸತ್ತೆನೋ ಎಂಬ ಚಿಂತೆಯೇ ಇರಲಿಲ್ಲ. ನಿಜ ಹೇಳುತ್ತೇನೆ, ಮೊದಲು ಅಳು ಬಂತು. ಆಮೇಲೆ ಮೂರೇ ಎಣಿಸಿದೆ, ಅವನ ವೇಗಕ್ಕೆ ನನ್ನ ಕಾಲು ಹೊಂದಿಕೊಂಡಿತು. ಸಾಮಾನು ಹೊತ್ತಿಗೆ ಸರಿಯಾಗಿ ಮುಟ್ಟಿತು, ಒಂದು ಲೋಟವೂ ಒಡೆಯಲಿಲ್ಲ.

ಅಮ್ಮನ ಆಶೀರ್ವಾದ ನಿನಗೆ, ನನ್ನ ನಮಸ್ಕಾರ ದೊಡ್ಡಮ್ಮನಿಗೆ.

ನೀನೇ ಹೆಸರಿಟ್ಟ ತಮ್ಮ,
ಆಮೆ

ತಾ.ಕ.: ಅಂಚೆಗೆ ಹಾಕಲು ಹೊರಟಾಗಲೇ ಸ್ಕೂಲಿನವರು ಮನೆಗೆ ಫೋನ್ ಮಾಡಿ, ನೀನು ಒಪ್ಪಿದೆಯಾ ಎಂದು ಕೇಳಿದರು. 'ಅಕ್ಕ ಬರ್ತಾಳೆ' ಅಂದುಬಿಟ್ಟೆ. ಫೋನ್ ಇಟ್ಟವನೇ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನೀನಿಲ್ಲದೆ ನನಗೆ ಬೇಜಾರೇ, ಆದರೂ ಹೋಗು. ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡ.