ಕೈ ಎತ್ತಿ ತೀರ್ಮಾನಿಸಲಾಗದ್ದು

ಸ್ಕಾರ್‌ವಿಕ್
ಜನವರಿ 29

ಪ್ರೀತಿಯ ಸಿಗ್ನೆ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಉಣ್ಣೆಯ ಕಾಲುಚೀಲಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ ಕಣೆ. ಹಗಲೇ ಇಲ್ಲದ ಎರಡು ತಿಂಗಳ ಚಳಿಗಾಲದ ಕತ್ತಲೆ ಮುಗಿದು ಕೊನೆಗೂ ಸೂರ್ಯ ಬಂದ. ಅವನ ಸ್ವಾಗತಕ್ಕೆ ಕಾರ್ಖಾನೆಯಲ್ಲಿ ಎಂದಿನಂತೆ ಜಾಮ್ ತುಂಬಿದ ಸೂರ್ಯನ ಬನ್ನು ಹಂಚಿದರು. ಮಾಲೀಕರ ಔದಾರ್ಯ ಅಷ್ಟಕ್ಕೇ ನಿಂತಿತು. ಹಬೆ ಎಳೆಯುವ ಫ್ಯಾನು ಇನ್ನೂ ಬಂದಿಲ್ಲ. ಏಡಿ ಬೇಯಿಸುವ ಹಬೆ ಕುಡಿದು ನಮ್ಮ ಎದೆ ಕೆಟ್ಟಿತು, ಅದರ ಲಾಭ ಕುಡಿದವರ ಎದೆ ಗಟ್ಟಿಮುಟ್ಟಾಗಿಯೇ ಇದೆ.

ಹೊಸ ಸುದ್ದಿ ಕೇಳು. ನನ್ನ ಆಸ್ತಮಾಕ್ಕೆ ಹೊಸ ಚುಚ್ಚುಮದ್ದೊಂದರ ಪ್ರಯೋಗ ನಡೆಯುತ್ತಿದೆ, ಸೇರುತ್ತೀರಾ ಎಂದು ಆಸ್ಪತ್ರೆಯವರು ಕೇಳಿದರು. ಅರ್ಧ ಜನಕ್ಕೆ ಔಷಧಿ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ನಾನೇನು ಮಾಡಿದೆ ಹೇಳು? ಕಾರ್ಖಾನೆಯ ಊಟದ ಕೋಣೆಯಲ್ಲಿ ಕಾರ್ಮಿಕ ಸಂಘದ ಸಭೆ ಕರೆದೆ!

ನಮ್ಮ ಅಧ್ಯಕ್ಷ ಒಡ್ವಾರ್ ಮೇಜು ಕುಟ್ಟಿದ. "ಇಷ್ಟು ವರ್ಷ ಕಂಪನಿಗೆ ಪ್ರಯೋಗದ ಇಲಿ ಆಗಿದ್ದು ಸಾಲ್ದಾ? ಈಗ ಆಸ್ಪತ್ರೆಗೂ ಆಗ್ಬೇಕಾ?"

ಲಿಥುವೇನಿಯಾದಿಂದ ಬಂದು ಹಬೆಯ ಮುಂದೆ ನಿನ್ನ ಜಾಗದಲ್ಲಿ ನಿಂತಿರುವ ರಸಾ ಬಿದ್ದು ಬಿದ್ದು ನಕ್ಕಳು. "ಅಲ್ಲ ಗುನ್ವೋರಕ್ಕ, ಉಪ್ಪುನೀರಿಗೆ ಆಸ್ಪತ್ರೆಗ್ಯಾಕೆ? ಬಾಗಿಲು ತೆಗೆದ್ರೆ ಸಮುದ್ರಾನೇ ಇದೆಯಲ್ಲ!"

ಕೈ ಎತ್ತಿಸಿದೆವು. ಸೇರಬೇಕೆಂದು ಬಹುಮತ. ಅದನ್ನು ಹೊತ್ತುಕೊಂಡು ಹೋಗಿ ನರ್ಸ್ ಮಾರಿತ್ ಮುಂದೆ ಠೀವಿಯಿಂದ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು.

"ಅವರ ತೀರ್ಮಾನ ಕೇಳಿಸ್ಕೊಂಡೆ. ನಿಮ್ದು ಏನು?"

ಸಿಗ್ನೆ, ಮುಷ್ಕರಕ್ಕೆ, ಸಂಬಳಕ್ಕೆ, ಕೊನೆಗೆ ಕಾಫಿಯ ಪುಡಿಗೂ ಕೈ ಎತ್ತಿದವಳು ನಾನು. ನನಗೇನು ಬೇಕು ಎಂದು ಒಬ್ಬಳೇ ಕೂತು ಕೇಳಿಕೊಂಡಿದ್ದೇ ಇಲ್ಲ.

"ಬೇಡ ಅಂದ್ರೂ ಈಗಿನ ಚಿಕಿತ್ಸೆ ನಿಲ್ಲಲ್ಲ. ಮನೆಗೆ ಹೋಗಿ ಯೋಚ್ನೆ ಮಾಡಿ" ಎಂದಳು.

ಮರುವಾರ ಪ್ರಶ್ನೆಗಳ ಜೊತೆ ಹೋದೆ. ದುಡ್ಡು ಯಾರದು? ಔಷಧಿ ಕಂಪನಿಯದು. ಹೆಚ್ಚುಕಮ್ಮಿಯಾದರೆ ಯಾರು ನೋಡುತ್ತಾರೆ? ಆಸ್ಪತ್ರೆಯ ಡಾಕ್ಟರು. ಔಷಧಿ ಸೋತರೆ ಬಚ್ಚಿಡುತ್ತೀರಾ? "ಸೋತದ್ದನ್ನೂ ಪ್ರಕಟಿಸ್ತೀವಿ" ಎಂದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ನನಗೆ ಉಸಿರು ಬೇಕು. ಉಪ್ಪುನೀರು ಸಿಕ್ಕರೂ ಸರಿ, ನನ್ನ ನಂತರ ಆ ಹಬೆಯಲ್ಲಿ ನಿಲ್ಲುವವಳಿಗೆ ಒಂದು ಉತ್ತರವಾದರೂ ಸಿಗುತ್ತದೆ. ಸಹಿ ಹಾಕಿದೆ.

ಬಹುಮತಕ್ಕಲ್ಲ, ನಾನೇ ಯೋಚಿಸಿ ಸಹಿ ಹಾಕಿದೆ ಎಂದಾಗ ಒಡ್ವಾರ್ ಕೇಳಿದ, "ಅಂದ್ರೆ ನಮ್ಮ ಮಾತಿಗೆ ಬೆಲೆ ಇಲ್ವಾ?"

"ನನ್ನ ಎದೆ ವಿಷಯದಲ್ಲಿ ಇಲ್ಲ. ಫ್ಯಾನಿನ ವಿಷಯದಲ್ಲಿ ಇದೆ. ನಾನು ಔಷಧಿ ತಗೊಂಡ್ರೆ ಹಬೆ ಒಳ್ಳೇದಾಗಲ್ಲ ಕಣೋ, ಸೋಮವಾರ ಬಾವುಟ ತಗೊಂಡು ಬಾ!"

ನಿನ್ನ ಮನೆ ಬೆಚ್ಚಗಿರಲಿ, ಕಾಫಿ ಕಪ್ಪಗಿರಲಿ, ಯಾವ ಮಾಲೀಕನ ಮುಂದೆಯೂ ನಿನ್ನ ದನಿ ತಗ್ಗದಿರಲಿ.

ನಿನ್ನ
ಗುನ್ವೋರ್

ಮರೆತಿದ್ದೆ: ಪ್ರಯೋಗವನ್ನು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಕಾರಣ ಹೇಳಬೇಕಿಲ್ಲ ಎಂದು ಮಾರಿತ್ ಓದಿ ಹೇಳಿದಾಗ ನನಗೆ ಅಳು ಬಂತು. ಮುಷ್ಕರದ ನಡುವೆ ನೀನು ನಮ್ಮನ್ನು ಹಾಗೆಯೇ ಬಿಟ್ಟುಹೋದೆ. ಅಂದಿನಿಂದ ಕಾಲುಚೀಲ ಬರುತ್ತದೆ, ಕಾರ್ಡು ಬರುತ್ತದೆ, ಕಾರಣ ಬಂದಿಲ್ಲ. ಬೇಡ, ಕೇಳುವುದಿಲ್ಲ. ಆದರೆ ಬಿಟ್ಟುಹೋದವರನ್ನೂ ಆಸ್ಪತ್ರೆಯವರು ಫೋನ್ ಮಾಡಿ ವಿಚಾರಿಸುತ್ತಾರಂತೆ. ಸಿಗ್ನೆ, ನಿನ್ನ ಉಸಿರು ಹೇಗಿದೆ?